ಘಾಟಿ ಇಳಿಯುವಾಗ ಕ್ಯಾಂಪರ್ ಹಿಂದಿನಿಂದ ದೂಡುತ್ತದೆ, ಎಲೆಕ್ಟ್ರಿಕ್ ಬ್ರೇಕ್ ಹಾಕಿಸಲಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತೀರ್ಥಹಳ್ಳಿ ಹತ್ತಿರ ಒಂದು ಹಳ್ಳಿ, ಅಡಿಕೆ ತೋಟ ಇದೆ. ಹೋದ ವರ್ಷ ಒಂದು ಚಿಕ್ಕ ಪಾಪ್-ಅಪ್ ಕ್ಯಾಂಪರ್ ಟ್ರೈಲರ್ ತಗೊಂಡೆ. ಓಡಿಸುವಾಗ ಡಬ್ಬಿ ಥರ ತಗ್ಗಾಗಿರುತ್ತದೆ. ನಿಲ್ಲಿಸಿ ಮಾಡು ಮೇಲೆತ್ತಿ ಬಟ್ಟೆ ಗೋಡೆ ಬಿಡಿಸಿದರೆ ನಾಲ್ಕು ಜನ ಮಲಗಬಹುದು. ಒಂದೇ ಆಕ್ಸಲ್, ಎರಡು ಚಕ್ರ, ರಬ್ಬರ್ ಟಾರ್ಷನ್ ಸಸ್ಪೆನ್ಷನ್, 13 ಇಂಚಿನ ರಿಮ್. ಖಾಲಿ ತೂಕ 480 ಕೆಜಿ ಅಂತ ಪ್ಲೇಟಿನಲ್ಲಿದೆ. ಸಾಮಾನು, ಗ್ಯಾಸ್, ಹಿಂದೆ 70 ಲೀಟರಿನ ನೀರಿನ ಟ್ಯಾಂಕ್ ಎಲ್ಲ ಸೇರಿ 700 ಆಗಬಹುದು. ಬ್ರೇಕ್ ಇಲ್ಲ. ಎಳೆಯುವುದು ನಮ್ಮ ಬೊಲೆರೊ. ಮರವಂತೆಗೆ ಹೋಗುವಾಗ ಹುಲಿಕಲ್ ಘಾಟಿಯ ಒಂದು ತಿರುವಿನಲ್ಲಿ ಯಾರೋ ಹಿಂದಿನಿಂದ ದೂಡಿದ ಹಾಗಾಯಿತು. ಬೊಲೆರೊದ ಹಿಂಭಾಗ ಸ್ವಲ್ಪ ಪಕ್ಕಕ್ಕೆ ಸರಿಯಿತು. ಹೊಸಂಗಡಿ ಮುಟ್ಟುವಾಗ ಬ್ರೇಕ್ ಸುಟ್ಟ ವಾಸನೆ. ಇನ್ನು ಇದನ್ನು ಕಟ್ಟಿಕೊಂಡು ಘಾಟಿ ಇಳಿಯುವುದಾದರೆ ನಾನು ಬಸ್ಸಿಗೆ ಬರುತ್ತೇನೆ ಅಂತ ಹೆಂಡತಿ ಹೇಳಿದ್ದಾಳೆ. ಎಲೆಕ್ಟ್ರಿಕ್ ಬ್ರೇಕ್ ಹಾಕಿಸು ಅಂತ ಒಬ್ಬರು. ಅದು ಬ್ಯಾಟರಿ ತಿನ್ನುತ್ತದೆ, ವೈರ್ ಕಿತ್ತರೆ ಗತಿ ಇಲ್ಲ, ಚಕ್ರ ಲಾಕ್ ಆಗಿ ಟ್ರೈಲರ್ ಮಗುಚುತ್ತದೆ ಅಂತ ಇನ್ನೊಬ್ಬರು. ನಮ್ಮ ಮೆಕ್ಯಾನಿಕ್ ಬೊಲೆರೊದ ಬ್ರೇಕ್ ಪೈಪಿನಿಂದಲೇ ಒಂದು ಲೈನ್ ಎಳೆದು ಮಾರುತಿ ಡ್ರಮ್ ಕೂರಿಸಿಕೊಡುತ್ತೇನೆ ಅನ್ನುತ್ತಾರೆ. ಯಾರ ಮಾತು ಕೇಳಲಿ? ಡಿಸೆಂಬರ್ ರಜೆಯೊಳಗೆ ಆಗುತ್ತಾ?

ಉತ್ತರ: ನಿಮ್ಮ ಮೆಕ್ಯಾನಿಕ್ ಮಾತಿನಿಂದಲೇ ಶುರು ಮಾಡುತ್ತೇನೆ, ಅದಕ್ಕೆ ಅವಸರ ಇದೆ. ಆ ಕೆಲಸ ಮಾಡಿಸಬೇಡಿ. ಪೆಡಲ್ ಒಂದು ಸಲ ಒತ್ತಿದರೆ ಇಷ್ಟೇ ಬ್ರೇಕ್ ಆಯಿಲ್ ಹೋಗಬೇಕು ಎಂದು ಲೆಕ್ಕ ಹಾಕಿ ಮಾಸ್ಟರ್ ಸಿಲಿಂಡರ್ ಮಾಡಿರುತ್ತಾರೆ. ಅದು ಬೊಲೆರೊದ ನಾಲ್ಕು ಚಕ್ರದ ಲೆಕ್ಕ. ಇನ್ನೆರಡು ಚಕ್ರ ಸೇರಿಸಿದರೆ ಪೆಡಲ್ ಕೆಳಕ್ಕೆ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಭಯ ಬೇರೆ ಇದೆ. ಟ್ರೈಲರ್ ಬಿಚ್ಚಿ ಜೋಡಿಸುವ ಜಾಗದಲ್ಲಿ ಒಂದು ರಬ್ಬರ್ ಹೋಸ್ ಜೋತಾಡುತ್ತಾ ಇರುತ್ತದೆ. ಕಲ್ಲಿಗೆ ತಾಗಿ ಅದು ಒಡೆದರೆ ಬೊಲೆರೊದ್ದೇ ಆಯಿಲ್ ರಸ್ತೆಗೆ ಚೆಲ್ಲುತ್ತದೆ. ಟ್ರೈಲರಿನ ಬ್ರೇಕ್ ಉಳಿಸಲು ಹೋಗಿ ಜೀಪಿನ ಅರ್ಧ ಬ್ರೇಕ್ ಕಳೆದುಕೊಂಡ ಹಾಗೆ. ನಿಮ್ಮ ಮೆಕ್ಯಾನಿಕ್ ಟ್ರ್ಯಾಕ್ಟರ್ ಟ್ರೈಲರ್ ನೋಡಿ ಈ ಯೋಚನೆ ಮಾಡಿರಬಹುದು. ತಪ್ಪು ತಿಳಿಯಬೇಡಿ, ಕೈ ಒಳ್ಳೆಯದೇ ಇರಬಹುದು. ಆದರೆ ಆ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ. ನೀವು ಎರಡು ಸಂಗತಿ ಬರೆದಿದ್ದೀರಿ: ತಿರುವಿನಲ್ಲಿ ದೂಡಿದ್ದು, ಕೆಳಗೆ ಬಂದಾಗ ವಾಸನೆ ಬಂದದ್ದು. ಎರಡನ್ನೂ ಒಂದೇ ರೋಗ ಎಂದುಕೊಂಡು ಒಂದೇ ಮದ್ದು ಕೇಳುತ್ತಿದ್ದೀರಿ. ಅವು ಬೇರೆ ಬೇರೆ. ದೂಡುವುದಕ್ಕೆ ಟ್ರೈಲರ್ ಬ್ರೇಕ್ ಮದ್ದು. ವಾಸನೆಗೆ ಅಲ್ಲ.

ಮೊದಲು ದೂಡುವ ವಿಷಯ. ಎತ್ತಿನ ಗಾಡಿ ಹೊಡೆದವರಿಗೆ ಇದು ಗೊತ್ತು. ಏರಿನಲ್ಲಿ ನೊಗ ಹೆಗಲ ಮೇಲೆ ಕೂತಿರುತ್ತದೆ. ಇಳಿಜಾರಿನಲ್ಲಿ ಅದೇ ನೊಗ ಕೊಂಬಿನ ಕಡೆ ಜಾರುತ್ತದೆ, ಗಾಡಿ ಎತ್ತಿನ ಮೇಲೆ ಏರಿ ಬರುತ್ತದೆ. ನಿಮ್ಮ ಹಿಚ್‌ನಲ್ಲಿ, ಅಂದರೆ ಟ್ರೈಲರನ್ನು ಜೀಪಿಗೆ ಕಟ್ಟುವ ಕೊಂಡಿಯಲ್ಲಿ, ಆಗುತ್ತಿರುವುದೂ ಅದೇ. ನೂರು ಮೀಟರ್ ಹೋದರೆ ಹತ್ತು ಮೀಟರ್ ಇಳಿಯುವ ರಸ್ತೆ ಎಂದುಕೊಳ್ಳಿ. 700 ಕೆಜಿ ಟ್ರೈಲರ್ ಅಲ್ಲಿ ಸುಮ್ನೆ ಉರುಳುತ್ತಿದ್ದರೂ ಸುಮಾರು 70 ಕೆಜಿ ಬಲದಲ್ಲಿ ಜೀಪನ್ನು ಮುಂದಕ್ಕೆ ದೂಡುತ್ತದೆ. ಅಷ್ಟು ಬೊಲೆರೊಗೆ ಗೊತ್ತೇ ಆಗುವುದಿಲ್ಲ. ಆದರೆ ತಿರುವು ದಾಟುತ್ತಿದ್ದ ಹಾಗೆ ಎದುರಿಗೆ ಬಸ್ಸು ಬಂತು ಎನ್ನಿ, ನೀವು ಗಟ್ಟಿಯಾಗಿ ಬ್ರೇಕ್ ಒತ್ತಿದಿರಿ. ಬ್ರೇಕ್ ಇಲ್ಲದ ಟ್ರೈಲರ್‌ಗೆ ನಿಲ್ಲುವ ದಾರಿಯೇ ಇಲ್ಲ, ಜೀಪೇ ಅದನ್ನು ತಡೆಯಬೇಕು. ಸಾಧಾರಣ ಗಟ್ಟಿ ಬ್ರೇಕಿಗೇ 350 ಕೆಜಿಯಷ್ಟು ಬಲ ಹೆಚ್ಚಿಗೆ ಸೇರುತ್ತದೆ. 70 ಇದ್ದದ್ದು ಒಂದೇ ಕ್ಷಣದಲ್ಲಿ 420.

ನೇರ ರಸ್ತೆಯಲ್ಲಿ ಇದು ನಿಲ್ಲುವ ದೂರವನ್ನು ಹೆಚ್ಚಿಸುತ್ತದೆ, ಅಷ್ಟೇ. ಹೇರ್‌ಪಿನ್ ತಿರುವಿನಲ್ಲಿ ಕಥೆ ಬೇರೆ. ಅಲ್ಲಿ ಜೀಪಿನ ಮೂತಿ ಒಂದು ಕಡೆ, ಟ್ರೈಲರಿನ ಮೂತಿ ಇನ್ನೊಂದು ಕಡೆ. ದೂಡುವ ಬಲ ನೇರ ಮುಂದಕ್ಕೆ ಬರದೆ ಓರೆಯಾಗಿ ಜೀಪಿನ ಹಿಂಭಾಗಕ್ಕೆ ಬೀಳುತ್ತದೆ. ಬ್ರೇಕ್ ಒತ್ತಿದಾಗ ಭಾರ ಮುಂದಿನ ಚಕ್ರಕ್ಕೆ ಹೋಗಿ ಹಿಂದಿನ ಚಕ್ರ ಹಗುರವಾಗಿರುತ್ತದೆ. ಮೇಲಿಂದ ಒದ್ದೆ ರಸ್ತೆ, ಉದುರಿದ ಎಲೆ, ಅಂಚಿನಲ್ಲಿ ಪಾಚಿ. ಹಿಂಭಾಗ ಪಕ್ಕಕ್ಕೆ ಸರಿಯದೆ ಏನು ಮಾಡುತ್ತದೆ? ಇನ್ನೂ ಸ್ವಲ್ಪ ಸರಿದಿದ್ದರೆ ಟ್ರೈಲರ್ ಮಡಚಿಕೊಂಡು ಜೀಪಿನ ಪಕ್ಕಕ್ಕೇ ಬರುತ್ತಿತ್ತು. ನಿಮ್ಮ ಮನೆಯವರು ಬಸ್ಸಿನ ಮಾತು ಆಡಿದ್ದು ಸುಮ್ನೆ ಅಲ್ಲ.

ಚಿಕ್ಕ ಟ್ರೈಲರ್‌ಗೆ ಬ್ರೇಕ್ ಯಾಕೆ ಎಂದು ಕೇಳುವವರು ಬಯಲುಸೀಮೆಯಲ್ಲಿ ಇದ್ದಾರೆ, ನಾನು ಅವರ ಜೊತೆ ಜಗಳ ಆಡುವುದಿಲ್ಲ. ಯುರೋಪಿನಲ್ಲಿ ಒಟ್ಟು ತೂಕ 750 ಕೆಜಿವರೆಗಿನ ಟ್ರೈಲರ್‌ಗೆ ಬ್ರೇಕ್ ಕಡ್ಡಾಯ ಅಲ್ಲ. ನೀವು 700 ಎನ್ನುತ್ತಿದ್ದೀರಿ, ಗೆರೆಯ ಅಂಚಿನಲ್ಲೇ ಇದ್ದೀರಿ. ಆದರೆ ಕಾಗದದ ಗೆರೆಗೆ ಹುಲಿಕಲ್ ಗೊತ್ತಿಲ್ಲ. ಆಗುಂಬೆಯ 14 ತಿರುವಿನಲ್ಲಿ, ಮಳೆಗಾಲದ ಕೊನೆಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಇಳಿಯುವವರಿಗೆ ನನ್ನ ಸಲಹೆ ಒಂದೇ: ಬ್ರೇಕ್ ಹಾಕಿಸಿ.

ಇನ್ನು ವಾಸನೆ. ಇದನ್ನು ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹೇಳುತ್ತೇನೆ. ಘಾಟಿಯಲ್ಲಿ ಸುಮಾರು 500 ಮೀಟರ್ ಎತ್ತರ ಇಳಿಯುತ್ತೀರಿ ಎಂದುಕೊಳ್ಳೋಣ. 700 ಕೆಜಿ ಟ್ರೈಲರ್ ಅಷ್ಟು ಇಳಿಯುವಾಗ ಬಿಡುವ ಶಕ್ತಿ ಹತ್ತಿರ ಹತ್ತಿರ ಒಂದು ಯೂನಿಟ್. ಅಂದರೆ 1000 ವಾಟ್ ಹೀಟರ್ ಒಂದು ಗಂಟೆ ಉರಿದಷ್ಟು ಬಿಸಿ. ಅದು ಎಲ್ಲಿಗಾದರೂ ಹೋಗಲೇಬೇಕು. ಎಲೆಕ್ಟ್ರಿಕ್ ಬ್ರೇಕ್ ಹಾಕಿಸಿ ಆ ಒಂದು ಯೂನಿಟ್ ಪೂರ್ತಿ ಟ್ರೈಲರಿನ ಎರಡು ಡ್ರಮ್‌ಗೆ ಬಿಟ್ಟರೆ? ಎರಡೂ ಸೇರಿ 15 ಕೆಜಿ ಕಬ್ಬಿಣ ಎಂದಿಟ್ಟುಕೊಂಡರೂ 500 ಡಿಗ್ರಿ ಹತ್ತಿರ ಏರುವಷ್ಟು ಬಿಸಿ ಅದು. ಗಾಳಿ ಸ್ವಲ್ಪ ತಣಿಸುತ್ತದೆ ನಿಜ. ಆದರೂ ಡ್ರಮ್ಮಿಗೆ ಉಜ್ಜುವ ಲೈನರ್ ಹಿಡಿತ ಬಿಡುತ್ತದೆ, ಹಬ್‌ನ ಗ್ರೀಸ್ ಕರಗಿ ಹರಿಯುತ್ತದೆ. ವಾಸನೆ ಜೀಪಿನಿಂದ ಟ್ರೈಲರ್‌ಗೆ ಹೋಯಿತು, ಅಷ್ಟೇ ಲಾಭ.

ಆ ಬಿಸಿಯನ್ನು ನುಂಗಬೇಕಾದದ್ದು ಎಂಜಿನ್. ಹತ್ತುವ ಗೇರಿನಲ್ಲೇ ಇಳಿ ಎಂದು ನಮ್ಮ ಹಳೇ ಲಾರಿ ಡ್ರೈವರ್‌ಗಳು ಹೇಳುತ್ತಿದ್ದರಲ್ಲ, ಟ್ರೈಲರ್ ಇದ್ದರೆ ಅದಕ್ಕಿಂತ ಒಂದು ಗೇರ್ ಕಡಿಮೆಯೇ ಇರಲಿ. ನೀವು ಮೂರನೇ ಗೇರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದಿರಬೇಕು ಎಂದು ನನ್ನ ಊಹೆ. ಎರಡನೇ ಗೇರ್, ಹೇರ್‌ಪಿನ್‌ಗೆ ಒಂದನೇ ಗೇರ್. ಗೇರ್ ಇಳಿಸುವುದು ಇಳಿಜಾರು ಶುರುವಾಗುವ ಮುಂಚೆ, ವೇಗ ಏರಿದ ಮೇಲೆ ಅಲ್ಲ. ಬ್ರೇಕ್ ಒತ್ತುವುದು ತಿರುವಿಗೆ ಮುಂಚೆ, ಜೀಪೂ ಟ್ರೈಲರೂ ಒಂದೇ ಸಾಲಿನಲ್ಲಿ ಇರುವಾಗ. ಗಟ್ಟಿಯಾಗಿ ಒಮ್ಮೆ ಒತ್ತಿ ಪೂರ್ತಿ ಬಿಡಿ. ಕಾಲು ತೂಗುಹಾಕಿಕೊಂಡು ಇರಬೇಡಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಜಾಗ ಸಿಕ್ಕಾಗ ಪಕ್ಕಕ್ಕೆ ಹೋಗಿ ಬಿಟ್ಟುಕೊಡಿ.

ಎಲೆಕ್ಟ್ರಿಕ್ ಬ್ರೇಕ್ ಅಂದರೆ ಏನು

ಹೆಸರು ಕೇಳಿದರೆ ಮೋಟರ್ ಏನೋ ಇದೆ ಅನಿಸುತ್ತದೆ. ಇಲ್ಲ. ಒಳಗೆ ನಿಮಗೆ ಗೊತ್ತಿರುವ ಡ್ರಮ್ ಬ್ರೇಕೇ ಇದೆ, ಎರಡು ಶೂ, ಎರಡು ಸ್ಪ್ರಿಂಗ್. ವೀಲ್ ಸಿಲಿಂಡರ್ ಬದಲು ಒಂದು ಲಿವರ್. ಲಿವರಿನ ತುದಿಯಲ್ಲಿ ಚಿಕ್ಕ ವಿದ್ಯುತ್ ಅಯಸ್ಕಾಂತ, ನಾವು ಮ್ಯಾಗ್ನೆಟ್ ಎನ್ನುತ್ತೇವೆ. ಕರೆಂಟ್ ಕೊಟ್ಟಾಗ ಮ್ಯಾಗ್ನೆಟ್ ತಿರುಗುತ್ತಿರುವ ಡ್ರಮ್ಮಿನ ಒಳಮುಖಕ್ಕೆ ಅಂಟಿಕೊಳ್ಳಲು ಹೋಗುತ್ತದೆ. ಡ್ರಮ್ ಅದನ್ನು ತನ್ನ ಜೊತೆ ಎಳೆಯುತ್ತದೆ, ಲಿವರ್ ತಿರುಗುತ್ತದೆ, ಶೂ ಅಗಲವಾಗಿ ಡ್ರಮ್ಮಿಗೆ ಒತ್ತುತ್ತದೆ. ಅಂದರೆ ನಿಲ್ಲಿಸುವ ಶಕ್ತಿ ಬರುವುದು ಚಕ್ರದ ತಿರುಗುವಿಕೆಯಿಂದಲೇ. ಕರೆಂಟ್ ಕೆಲಸ ಬರೀ ಕೊಕ್ಕೆ ಹಾಕುವುದು. ಎಷ್ಟು ಕರೆಂಟ್ ಕೊಡುತ್ತೀರೋ ಅಷ್ಟು ಗಟ್ಟಿ ಹಿಡಿತ. ಅಮೆರಿಕ, ಆಸ್ಟ್ರೇಲಿಯದ ಕ್ಯಾಂಪರ್‌ಗಳಲ್ಲಿ ಇದೇ ಬಳಕೆ.

ಬ್ಯಾಟರಿ ತಿನ್ನುತ್ತದೆ ಎಂಬ ಮಾತು ಇಲ್ಲಿಗೇ ಮುಗಿಯಿತು. ಒಂದು ಮ್ಯಾಗ್ನೆಟ್ ಪೂರ್ತಿ ಒತ್ತಿದಾಗ ಸುಮಾರು 3 ಆಂಪಿಯರ್ ಎಳೆಯುತ್ತದೆ, ಎರಡಕ್ಕೆ 6. ಹೆಡ್‌ಲೈಟಿನ 55 ವಾಟಿನ ಎರಡು ಬಲ್ಬ್ 9 ಆಂಪಿಯರ್ ತಗೊಳ್ಳುತ್ತವೆ, ಅದೂ ರಾತ್ರಿಯಿಡೀ. ಬ್ರೇಕ್ ತಗೊಳ್ಳುವುದು ಪೆಡಲ್ ಒತ್ತಿದಷ್ಟು ಹೊತ್ತು ಮಾತ್ರ.

ವೈರ್ ಕಿತ್ತರೆ ಗತಿ ಇಲ್ಲ ಎಂಬುದರಲ್ಲಿ ಅರ್ಧ ನಿಜ ಇದೆ. ದೊಡ್ಡ ಲಾರಿಯ ಏರ್ ಬ್ರೇಕ್‌ನಲ್ಲಿ ಗಾಳಿ ಹೋದರೆ ಸ್ಪ್ರಿಂಗ್ ತಾನಾಗಿ ಚಕ್ರ ಹಿಡಿಯುತ್ತದೆ. ಇಲ್ಲಿ ಹಾಗಿಲ್ಲ. ವೈರ್ ಕಿತ್ತರೆ ಟ್ರೈಲರ್ ಬ್ರೇಕ್ ಇರುವುದಿಲ್ಲ, ನೀವು ಇವತ್ತು ಇರುವ ಸ್ಥಿತಿಗೆ ವಾಪಸ್. ಆದರೆ ಟ್ರೈಲರೇ ಹಿಚ್‌ನಿಂದ ಕಳಚಿಕೊಂಡರೆ ಅದಕ್ಕೆ ಬೇರೆ ಉಪಾಯ ಇದೆ, ಮುಂದೆ ಹೇಳುತ್ತೇನೆ.

ಲಾಕ್ ಆಗಿ ಮಗುಚುತ್ತದೆ ಎಂಬುದಕ್ಕೂ ಕಾರಣ ಇಲ್ಲದಿಲ್ಲ. ಬ್ರೇಕ್ ಲೈಟಿನ ವೈರನ್ನೇ ನೇರವಾಗಿ ಮ್ಯಾಗ್ನೆಟ್‌ಗೆ ಕೊಟ್ಟ ಒಂದು ಟ್ರೈಲರ್ ನನ್ನ ಶೆಡ್‌ಗೆ ಬಂದಿತ್ತು. ಪೆಡಲ್ ಮುಟ್ಟಿದರೆ ಸಾಕು, ಪೂರ್ತಿ 12 ವೋಲ್ಟ್. ಖಾಲಿ ಟ್ರೈಲರ್ ಒದ್ದೆ ರಸ್ತೆಯಲ್ಲಿ ಚಕ್ರ ಹಿಡಿದು ಜಾರುತ್ತಿತ್ತು. ಫ್ಯೂಸ್ ಬೇರೆ ಹೋಗುತ್ತಿತ್ತು, ಹೋದಾಗ ಜೀಪಿನ ಬ್ರೇಕ್ ಲೈಟೂ ಹೋಗುತ್ತಿತ್ತು. ಅದು ಬ್ರೇಕಿನ ತಪ್ಪಲ್ಲ. ನಡುವೆ ಕರೆಂಟನ್ನು ಹದ ಮಾಡುವ ಕಂಟ್ರೋಲರ್ ಇಲ್ಲದಿದ್ದರೆ ಆಗುವುದೇ ಹಾಗೆ.

ಇನ್ನೊಂದು ದಾರಿಯೂ ಇದೆ, ನೀವು ಕೇಳಿಲ್ಲ, ಆದರೆ ತಿಳಿದಿರಲಿ. ಓವರ್‌ರನ್ ಬ್ರೇಕ್, ಯುರೋಪಿನವರದು. ಟ್ರೈಲರ್ ಮುಂದಕ್ಕೆ ದೂಡಿದಾಗ ಹಿಚ್‌ನ ಕಂಬಿ ಒಳಕ್ಕೆ ಜಾರಿ ಕೇಬಲ್ ಎಳೆದು ಬ್ರೇಕ್ ಹಿಡಿಸುತ್ತದೆ. ವೈರ್ ಬೇಡ, ಕಂಟ್ರೋಲರ್ ಬೇಡ, ಯಾವ ಗಾಡಿಗೆ ಬೇಕಾದರೂ ಕಟ್ಟಬಹುದು. ಬಯಲಿನಲ್ಲಿ ಓಡಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಅದರ ಗುಟ್ಟೇ ದೂಡುವಿಕೆ. ಘಾಟಿಯಲ್ಲಿ ನೀವು ಒಳ್ಳೆಯ ಹುಡುಗನ ಹಾಗೆ ಎರಡನೇ ಗೇರಿನಲ್ಲಿ ಇಳಿಯುತ್ತಿದ್ದರೂ ಟ್ರೈಲರ್ ದೂಡುತ್ತಲೇ ಇರುತ್ತದೆ, ಬ್ರೇಕ್ ಉದ್ದಕ್ಕೂ ಸವರುತ್ತಲೇ ಇರುತ್ತದೆ, ಡ್ರಮ್ ಕಾಯುತ್ತದೆ. ಎಲೆಕ್ಟ್ರಿಕ್‌ನಲ್ಲಿ ಪೆಡಲ್ ಬಿಟ್ಟರೆ ಬ್ರೇಕ್ ಬಿಟ್ಟಿತು. ಜೊತೆಗೆ ಕಂಟ್ರೋಲರಿನ ಕೈ ಲಿವರಿನಿಂದ ಟ್ರೈಲರಿನ ಬ್ರೇಕ್ ಮಾತ್ರ ಒತ್ತಬಹುದು. ಹಿಂದೆ ಟ್ರೈಲರ್ ಓಲಾಡಲು ಶುರು ಮಾಡಿದರೆ ಜೀಪಿನ ಬ್ರೇಕ್ ಮುಟ್ಟದೆ ಆ ಲಿವರ್ ಸ್ವಲ್ಪ ಒತ್ತಿದರೆ ಹಗ್ಗ ಬಿಗಿದ ಹಾಗೆ ನೇರ ಆಗುತ್ತದೆ. ಈ ಎರಡು ಕಾರಣಕ್ಕೆ ನಿಮಗೆ ಎಲೆಕ್ಟ್ರಿಕ್ ಹೇಳುತ್ತಿದ್ದೇನೆ.

ಕೆಲಸ ಎಲ್ಲಿ ಕೆಡುತ್ತದೆ

ಮೊದಲು ಆಕ್ಸಲ್ ನೋಡಿ. ಚಕ್ರ ಬಿಚ್ಚಿ ಹಬ್‌ನ ಹಿಂದೆ ಕಣ್ಣಿಡಿ. ನಾಲ್ಕು ತೂತಿನ ಚೌಕ ತಗಡಿನಂಥ ಫ್ಲಾಂಜ್ ಇದ್ದರೆ ನಿಮ್ಮ ಅದೃಷ್ಟ. ಬ್ರೇಕಿನ ಪ್ಲೇಟ್ ಅದಕ್ಕೇ ಬೋಲ್ಟ್ ಆಗುತ್ತದೆ, ಅರ್ಧ ದಿನದ ಕೆಲಸ. ಇಲ್ಲದಿದ್ದರೆ ವೆಲ್ಡ್ ಮಾಡಿಸೋಣ ಎಂದು ಹೊರಡಬೇಡಿ. ನಿಮ್ಮದು ರಬ್ಬರ್ ಟಾರ್ಷನ್ ಆಕ್ಸಲ್. ಆ ಕೊಳವೆಯ ಒಳಗೆ ಇರುವುದೇ ರಬ್ಬರ್, ಅದೇ ಸ್ಪ್ರಿಂಗ್. ವೆಲ್ಡಿಂಗ್ ಬಿಸಿ ತಾಗಿದರೆ ರಬ್ಬರ್ ಸಾಯುತ್ತದೆ. ಇವತ್ತು ಗೊತ್ತಾಗುವುದಿಲ್ಲ, ಒಂದೆರಡು ತಿಂಗಳಲ್ಲಿ ಟ್ರೈಲರ್ ಒಂದು ಕಡೆ ವಾಲುತ್ತದೆ. ಅಂಥಲ್ಲಿ ಫ್ಲಾಂಜ್ ಇರುವ ಹೊಸ ಆಕ್ಸಲನ್ನೇ ಹಾಕಿಸುವುದು ಸರಿ. ಖರ್ಚು ಜಾಸ್ತಿ, ಮುಚ್ಚಿಡುವುದಿಲ್ಲ. ಪಟ್ಟಿ ಸ್ಪ್ರಿಂಗಿನ ಆಕ್ಸಲ್ ಆಗಿದ್ದರೆ ಶಿವಮೊಗ್ಗದಲ್ಲೇ ಒಳ್ಳೆಯ ಲೇತ್‌ನವರ ಹತ್ತಿರ ಫ್ಲಾಂಜ್ ಮಾಡಿಸಿ, ನಡುಮಧ್ಯಕ್ಕೆ ಕೂರಿಸಿ ವೆಲ್ಡ್ ಮಾಡಿಸಬಹುದಿತ್ತು.

ಅಳತೆ. ಚಿಕ್ಕ ಕ್ಯಾಂಪರ್‌ಗಳಿಗೆ 7 ಇಂಚಿನದು, ಅದಕ್ಕಿಂತ ಭಾರದವಕ್ಕೆ 10 ಇಂಚಿನದು ಬರುತ್ತದೆ. ನಿಮ್ಮ ತೂಕಕ್ಕೆ 7 ಸಾಕು. ಆದರೂ ನಿಮ್ಮ 13 ಇಂಚಿನ ರಿಮ್ಮಿನೊಳಗೆ 10 ಹಿಡಿಯುತ್ತದಾದರೆ ನಾನು ಅದನ್ನೇ ಹಾಕುತ್ತೇನೆ. ಡ್ರಮ್ ದೊಡ್ಡದಾದಷ್ಟೂ ಬಿಸಿ ಕುಡಿಯುತ್ತದೆ. ಹಗುರ ಟ್ರೈಲರ್‌ಗೆ ಅದು ಬೇಗ ಲಾಕ್ ಆಗುತ್ತದೆ ಎಂಬ ಮಾತು ನಿಜ, ಕಂಟ್ರೋಲರಿನಲ್ಲಿ ಕಡಿಮೆ ಇಟ್ಟುಕೊಂಡರೆ ಆಯಿತು. ಆರ್ಡರ್ ಮಾಡುವ ಮುಂಚೆ ಸ್ಪಿಂಡಲಿನ ಬೇರಿಂಗ್ ನಂಬರ್, ಬೋಲ್ಟ್ ಎಷ್ಟು, ಪಿಸಿಡಿ, ಅಂದರೆ ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ, ಎಷ್ಟು, ಎಲ್ಲ ವರ್ನಿಯರ್‌ನಲ್ಲಿ ಅಳೆಯಿರಿ. ಹೊರಗಿನ ಡ್ರಮ್‌ಗಳು ಇಂಚಿನ ಲೆಕ್ಕದವು. ಕಣ್ಣಳತೆಯಲ್ಲಿ ತರಿಸಿದರೆ ಡ್ರಮ್ ಷೋಕೇಸಿಗೆ ಆಗುತ್ತದೆ.

ಎಡದ್ದು ಬಲದ್ದು ಬೇರೆ ಬೇರೆ. ಲೈನರ್ ಗಿಡ್ಡ ಇರುವ ಶೂ ಟ್ರೈಲರಿನ ಮುಂದಿನ ಕಡೆಗೆ ಬರಬೇಕು. ಅದಲು ಬದಲಾದರೆ ಬ್ರೇಕ್ ಹಿಡಿಯುತ್ತದೆ, ಆದರೆ ಮೆತ್ತಗೆ. ಯಾಕೆ ಎಂದು ದಿನಗಟ್ಟಲೆ ಹುಡುಕುತ್ತೀರಿ.

ಈಗ ವೈರಿಂಗ್. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ದೂರು ಇಲ್ಲಿಂದಲೇ, ಮತ್ತು ಅವುಗಳಲ್ಲಿ ಒಂದು ನನ್ನದೇ. ಶುರುವಿನಲ್ಲಿ ಒಂದು ದೋಣಿ ಟ್ರೈಲರ್‌ಗೆ ಬ್ರೇಕ್ ಹಾಕಿದ್ದೆ. ಅರ್ತ್ ವೈರನ್ನು ಚಾಸಿಗೆ ಕೊಟ್ಟು, ಅಲ್ಲಿಂದ ಹಿಚ್ ಬಾಲ್ ಮೂಲಕ ಜೀಪಿಗೆ ಹೋಗುತ್ತದೆ ಎಂದು ಬಿಟ್ಟೆ. ಶೆಡ್ಡಿನ ಮುಂದೆ ಚೆನ್ನಾಗಿ ಹಿಡಿಯಿತು. ಮೇಗರವಳ್ಳಿ ದಾಟಿ ಮಳೆ ಶುರುವಾದ ಮೇಲೆ ಒಂದು ಸಲ ಹಿಡಿಯುತ್ತದೆ, ಇನ್ನೊಂದು ಸಲ ಇಲ್ಲ. ಹಿಚ್ ಬಾಲ್‌ಗೆ ನಾನೇ ಮೆತ್ತಿದ್ದ ಗ್ರೀಸ್ ಕರೆಂಟಿಗೆ ಅಡ್ಡ ಕೂತಿತ್ತು. ಆಗುಂಬೆ ಊರಲ್ಲೇ ನಿಲ್ಲಿಸಿ ಒಂದು ತುಂಡು ವೈರ್ ಹುಡುಕಿ ಕಟ್ಟಿಕೊಂಡು ಇಳಿದೆ. ಅವತ್ತಿನಿಂದ ಅರ್ತ್‌ಗೆ ಬೇರೆಯೇ ವೈರ್, ಬ್ಯಾಟರಿಯ ನೆಗೆಟಿವ್‌ವರೆಗೆ. ಮ್ಯಾಗ್ನೆಟಿನ ಎರಡು ವೈರಿನಲ್ಲಿ ಯಾವುದು ಪ್ಲಸ್ ಯಾವುದು ಮೈನಸ್ ಎಂಬ ಭೇದ ಇಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ವೈರಿನ ದಪ್ಪದಲ್ಲಿ ಜಿಪುಣತನ ಬೇಡ. ಕಂಟ್ರೋಲರಿನಿಂದ ಟ್ರೈಲರ್ ಆಕ್ಸಲ್‌ಗೆ 9 ಮೀಟರ್, ಹೋಗಿ ಬರಲು 18. ಲೈಟಿಗೆ ಹಾಕುವ 1 ಚದರ ಮಿಲಿಮೀಟರಿನ ವೈರ್ ಎಳೆದರೆ 6 ಆಂಪಿಯರಿಗೆ ಸುಮಾರು 2 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 4 ಚದರ ಮಿಲಿಮೀಟರಿನದು ಹಾಕಿದರೆ ಅರ್ಧ ವೋಲ್ಟ್. ವೋಲ್ಟ್ ಹೋದಷ್ಟು ಬ್ರೇಕ್ ಹೋಯಿತು. ಎಲ್ಲ ಆದ ಮೇಲೆ ಬ್ರೇಕಿನ ವೈರಿಗೆ ಆಂಪಿಯರ್ ಮೀಟರ್ ಸೇರಿಸಿ ಪೂರ್ತಿ ಒತ್ತಿ ನೋಡಿ, 6ರ ಆಸುಪಾಸು ಬರಬೇಕು. 3 ಬಂದರೆ ಒಂದು ಚಕ್ರ ಸುಮ್ನೆ ತಿರುಗುತ್ತಿದೆ ಎಂದು ಅರ್ಥ. ವೈರನ್ನು ಗಟ್ಟಿ ಪೈಪಿನೊಳಗೆ ಹಾಕಿ. ಕೊಟ್ಟಿಗೆ ಪಕ್ಕ ನಿಲ್ಲಿಸುತ್ತೀರಿ ಅಲ್ವಾ, ಇಲಿಗೆ ವೈರ್ ಅಂದರೆ ಕೋಡುಬಳೆ.

ಕಂಟ್ರೋಲರ್ ಡ್ಯಾಶ್‌ಬೋರ್ಡಿನ ಕೆಳಗೆ ಕೂರುವ ಚಿಕ್ಕ ಡಬ್ಬಿ. ನಾಲ್ಕೇ ವೈರ್: ಕಪ್ಪು ಬ್ಯಾಟರಿಯ ಪ್ಲಸ್‌ಗೆ ಫ್ಯೂಸ್ ಮೂಲಕ, ಬಿಳಿ ಮೈನಸ್‌ಗೆ, ಕೆಂಪು ಬ್ರೇಕ್ ಲೈಟ್ ಸ್ವಿಚ್ಚಿಗೆ, ನೀಲಿ ಟ್ರೈಲರ್‌ಗೆ. ಎರಡು ಜಾತಿ ಸಿಗುತ್ತವೆ. ಅಗ್ಗದ್ದು ಪೆಡಲ್ ಮುಟ್ಟಿದ ಕೂಡಲೇ ಗಡಿಯಾರ ಎಣಿಸಿ ಕರೆಂಟ್ ಏರಿಸುತ್ತದೆ. ನೀವು ಮೆಲ್ಲಗೆ ಒತ್ತಿದರೋ ಜೋರಾಗಿ ಒತ್ತಿದರೋ ಅದಕ್ಕೆ ಗೊತ್ತಿಲ್ಲ. ಘಾಟಿಯಲ್ಲಿ ಒತ್ತಿ ಬಿಟ್ಟು ಮಾಡುವಾಗ ಟ್ರೈಲರ್ ಜಗ್ಗಿ ಜಗ್ಗಿ ಬರುತ್ತದೆ. ಇನ್ನೊಂದು ಜೀಪು ಎಷ್ಟು ಬೇಗ ನಿಲ್ಲುತ್ತಿದೆ ಎಂದು ಒಳಗಿನ ಸೆನ್ಸರಿನಿಂದ ತಿಳಿದು ಅಷ್ಟೇ ಬ್ರೇಕ್ ಟ್ರೈಲರ್‌ಗೆ ಕೊಡುತ್ತದೆ. ಎರಡನೆಯದನ್ನೇ ತಗೊಳ್ಳಿ. ದುಡ್ಡು ಉಳಿಸುವುದಿದ್ದರೆ ಕ್ಯಾಂಪರಿನ ಪರದೆಯಲ್ಲಿ ಉಳಿಸಿ.

ಕಳಚಿಕೊಂಡರೆ ಎಂಬ ಪ್ರಶ್ನೆಗೆ ಉತ್ತರ ಬ್ರೇಕ್‌ಅವೇ ಸ್ವಿಚ್. ಟ್ರೈಲರಿನ ಮೂತಿಯಲ್ಲಿ ಒಂದು ಪಿನ್, ಅದರಿಂದ ಜೀಪಿಗೆ ತಂತಿ. ಟ್ರೈಲರ್ ಕಿತ್ತುಕೊಂಡು ಹೋದರೆ ಪಿನ್ ಹೊರಬರುತ್ತದೆ, ಟ್ರೈಲರಿನ ಸ್ವಂತ ಬ್ಯಾಟರಿ ಪೂರ್ತಿ ಬ್ರೇಕ್ ಹಾಕುತ್ತದೆ. ಅಮೆರಿಕದ ನಿಯಮದಲ್ಲಿ ಇದು 15 ನಿಮಿಷ ಹಿಡಿದಿರಬೇಕು. 6 ಆಂಪಿಯರಿಗೆ 15 ನಿಮಿಷ ಅಂದರೆ ಒಂದೂವರೆ ಆಂಪಿಯರ್-ಅವರ್. ಯುಪಿಎಸ್‌ಗೆ ಹಾಕುವ 7ರ ಚಿಕ್ಕ ಬ್ಯಾಟರಿ ಧಾರಾಳ ಸಾಕು. ತಂತಿಯನ್ನು ಜೀಪಿನ ಚಾಸಿಗೆ ಕಟ್ಟಿ. ಹಿಚ್ ಬಾಲ್‌ಗೆ ಕಟ್ಟಿದವರನ್ನು ನೋಡಿದ್ದೇನೆ. ಹಿಚ್ಚೇ ಕಿತ್ತು ಬಂದರೆ ತಂತಿಯೂ ಟ್ರೈಲರ್ ಜೊತೆಗೇ ಹೋಗುತ್ತದೆ, ಪಿನ್ ಮಿಸುಕುವುದಿಲ್ಲ! ಎರಡು ಸುರಕ್ಷಾ ಸರಪಳಿ ಬೇರೆ ಇರಲೇಬೇಕು, ಮೂತಿಯ ಕೆಳಗೆ ಕತ್ತರಿಯ ಹಾಗೆ ಒಂದಕ್ಕೊಂದು ಅಡ್ಡ ಹಾಯಿಸಿ. ಇನ್ನು ಈ ಬ್ರೇಕ್‌ಅವೇ ಸ್ವಿಚ್ಚನ್ನು ಹ್ಯಾಂಡ್‌ಬ್ರೇಕ್ ಎಂದುಕೊಳ್ಳಬೇಡಿ. ಬ್ಯಾಟರಿ ಮುಗಿದರೆ ಟ್ರೈಲರ್ ಹೊಳೆಗೆ. ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಡುವ ನಮ್ಮ ಹಳೇ ಪದ್ಧತಿಯೇ ಗತಿ.

ಹೊಸ ಬ್ರೇಕ್ ಮೊದಲ ದಿನ ಹಿಡಿಯುವುದಿಲ್ಲ ಎಂದು ಫೋನ್ ಮಾಡುವವರು ಬಹಳ. ಲೈನರೂ ಮ್ಯಾಗ್ನೆಟೂ ಡ್ರಮ್ಮಿಗೆ ಉಜ್ಜಿ ಕೂರಬೇಕು. ಚಕ್ರ ಎತ್ತಿ ತಿರುಗಿಸುತ್ತಾ, ಹಿಂದಿನ ಕಿಂಡಿಯಿಂದ ಅಡ್ಜಸ್ಟರ್ ಬಿಗಿ ಮಾಡಿ. ಚಕ್ರ ತಿರುಗದಷ್ಟು ಬಿಗಿಯಾದ ಮೇಲೆ ಹತ್ತು ಹಲ್ಲು ಹಿಂದಕ್ಕೆ ಬಿಡಿ. ಆಮೇಲೆ ಖಾಲಿ ರಸ್ತೆಯಲ್ಲಿ 20-30 ಸಲ ಮೆಲ್ಲಗೆ ಬ್ರೇಕ್ ಹಾಕಿ, ನಡುನಡುವೆ ತಣಿಯಲು ಬಿಡಿ. 300 ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಅಡ್ಜಸ್ಟ್ ಮಾಡಿಸಿ. ಕಂಟ್ರೋಲರಿನ ಬಲ ಇಡುವುದು ಹೀಗೆ: ಸಾಮಾನು ತುಂಬಿ, ಮಟ್ಟದ ಒಣ ರಸ್ತೆಯಲ್ಲಿ 40 ಕಿಲೋಮೀಟರ್ ವೇಗದಲ್ಲಿ ಕೈ ಲಿವರ್ ಪೂರ್ತಿ ಒತ್ತಿ. ಚಕ್ರ ಲಾಕ್ ಆಗುವುದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿ. ಮಳೆ ಬಂದರೆ ಇನ್ನೂ ಇಳಿಸಿ. ಖಾಲಿ ಎಳೆಯುವಾಗಲೂ ಇಳಿಸಿ.

ಮಳೆಗಾಲ ಎಂಬ ಯಜಮಾನ

ಈ ಬ್ರೇಕಿನ ಜೊತೆ ಬರುವ ಪುಸ್ತಕದಲ್ಲಿ ವರ್ಷಕ್ಕೆ ಒಮ್ಮೆ ನೋಡಿ ಎಂದಿರುತ್ತದೆ. ಅದನ್ನು ಬರೆದವರು ಆಗುಂಬೆ ನೋಡಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಸೀಮೆ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರೈಲರ್ ಸುಮ್ನೆ ನಿಂತಿರುತ್ತದೆ. ಡ್ರಮ್ಮಿನ ಒಳಮುಖಕ್ಕೆ ತುಕ್ಕು ಹತ್ತುತ್ತದೆ, ಮ್ಯಾಗ್ನೆಟ್ ಅದರ ಮೇಲೆ ಮರಳು ಕಾಗದ ತಿಕ್ಕಿದ ಹಾಗೆ ಸವೆಯುತ್ತದೆ. ಶೂ ಡ್ರಮ್ಮಿಗೆ ಅಂಟಿಕೊಂಡು ಚಕ್ರವೇ ತಿರುಗದೆ ಇರುವುದೂ ಉಂಟು. ಪ್ಲಗ್ಗಿನ ಪಿನ್‌ಗಳು ಹಸಿರು ಬಣ್ಣಕ್ಕೆ ತಿರುಗಿರುತ್ತವೆ.

ಆದ್ದರಿಂದ ಆಯುಧಪೂಜೆಗೆ ಕುಂಕುಮ ಹಚ್ಚುವ ಮುಂಚೆ ಡ್ರಮ್ ಬಿಚ್ಚಿ. ತುಕ್ಕು ಉಜ್ಜಿ ತೆಗೆಯಿರಿ, ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಿ, ಹಿಂದಿನ ಆಯಿಲ್ ಸೀಲ್ ಬದಲಾಯಿಸಿ. ಆ ಸೀಲ್ ಸೋರಿ ಗ್ರೀಸ್ ಲೈನರ್ ಮೇಲೆ ಬಿದ್ದರೆ ಆ ಚಕ್ರದ ಬ್ರೇಕ್ ಮುಗಿಯಿತು, ತೊಳೆದರೆ ಸರಿ ಹೋಗುವುದಿಲ್ಲ. ಹಳ್ಳ ದಾಟಿದ ಮೇಲೆ ಕೈ ಲಿವರ್ ಹಗುರ ಒತ್ತಿಕೊಂಡು ಸ್ವಲ್ಪ ದೂರ ಹೋಗಿ, ಲೈನರ್ ಒಣಗುತ್ತದೆ. ಈ ಆರೈಕೆ ನಿಮ್ಮಿಂದ ಆಗುವುದಿಲ್ಲ ಎನಿಸಿದರೆ ಬ್ರೇಕ್ ಹಾಕಿಸುವ ಮುಂಚೆ ಇನ್ನೊಮ್ಮೆ ಯೋಚಿಸಿ. ಇದೆ ಎಂದು ನಂಬಿಕೊಂಡ ಬ್ರೇಕ್ ಸಮಯಕ್ಕೆ ಹಿಡಿಯದಿದ್ದರೆ, ಇಲ್ಲವೆಂದು ಗೊತ್ತಿದ್ದು ಜಾಗ್ರತೆಯಿಂದ ಇಳಿಯುವುದಕ್ಕಿಂತ ಕೆಟ್ಟದ್ದು.

ಕಾಗದ ಪತ್ರದ ಮಾತು ಒಂದಿಷ್ಟು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೈಲರ್ ಕೂಡ ಮೋಟಾರು ವಾಹನವೇ. ಅದರ 52ನೇ ಸೆಕ್ಷನ್ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆ ಮಾಡಬಾರದು ಎನ್ನುತ್ತದೆ. ಆಕ್ಸಲ್ ಬದಲಾಯಿಸುವ ಪ್ರಸಂಗ ಬಂದರೆ ಶಿವಮೊಗ್ಗದ ಆರ್‌ಟಿಓ ಕಚೇರಿಯಲ್ಲಿ ಮೊದಲೇ ಬರಹದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಕೆಲಸ ಆದ ಮೇಲೆ ಕೇಳುವುದಕ್ಕಿಂತ ಅದು ಸುಲಭ.

ಡಿಸೆಂಬರ್? ಫ್ಲಾಂಜ್ ಇದ್ದು ಸಾಮಾನು ಕೈಗೆ ಸಿಕ್ಕಿದರೆ ಆಗುತ್ತದೆ. ಆಕ್ಸಲ್ ತರಿಸಬೇಕಾದರೆ ಆಗುವುದು ಅನುಮಾನ. ಹಾಗಾದರೆ ಈ ಸಲ ಮರವಂತೆ ಬಿಡಿ, ಘಾಟಿಯ ಮೇಲೇ ಇರಿ. ಹೊನ್ನೆಮರಡು ಕಡೆಯ ಹಿನ್ನೀರಿದೆ, ಸಕ್ರೆಬೈಲು ಇದೆ. ಮಕ್ಕಳಿಗೆ ಸಮುದ್ರಕ್ಕಿಂತ ಆನೆ ಖುಷಿ.

ಅಷ್ಟರೊಳಗೆ ಖರ್ಚಿಲ್ಲದ ಎರಡು ಕೆಲಸ ಮಾಡಿ. ಆ 70 ಲೀಟರ್ ನೀರು ಚೆಲ್ಲಿ. ಮಲೆನಾಡಿನಿಂದ ಕರಾವಳಿಗೆ ನೀರು ಹೊತ್ತುಕೊಂಡು ಹೋಗುವುದು ಯಾವ ಲೆಕ್ಕ? ಟ್ರೈಲರಿನ ಹತ್ತನೇ ಒಂದು ಭಾಗದ ತೂಕ ಅದು, ಅದೂ ಆಕ್ಸಲಿನ ಹಿಂದೆ. ಹಿಂದೆ ಭಾರ ಜಾಸ್ತಿಯಾದರೆ ಮೂತಿ ಹಗುರವಾಗಿ ಟ್ರೈಲರ್ ಬಾಲ ಅಲ್ಲಾಡಿಸುತ್ತದೆ, ಕೈ ಲಿವರ್ ಒತ್ತಿ ಆ ಕ್ಷಣಕ್ಕೆ ನೇರ ಮಾಡಬಹುದು, ಆದರೆ ಆ ರೋಗಕ್ಕೆ ಯಾವ ಬ್ರೇಕೂ ಮದ್ದಲ್ಲ. ಸಾಮಾನು ತುಂಬಿ, ಟ್ರೈಲರ್ ಮಟ್ಟವಾಗಿ ನಿಲ್ಲಿಸಿ, ನಿಮ್ಮ ಮನೆಯ ಅಡಿಕೆ ತೂಗುವ ತಕ್ಕಡಿಯ ಮೇಲೆ ಮೂತಿ ಇಳಿಸಿ ನೋಡಿ. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಬರಬೇಕು, ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಒಟ್ಟು ತೂಕ ಎಷ್ಟು ಎಂಬುದಕ್ಕೆ ವೇಬ್ರಿಡ್ಜ್‌ಗೆ ಹೋಗಿ. 700 ಎಂದು ನೀವು ಅಂದಾಜು ಬರೆದಿದ್ದೀರಿ. ಹೀಗೆ 700 ಎಂದವರ ಟ್ರೈಲರ್ ತೂಗಿದಾಗ 700 ಬಂದದ್ದನ್ನು ನಾನು ಇನ್ನೂ ನೋಡಿಲ್ಲ. ಚೀಟಿ ಇಟ್ಟುಕೊಳ್ಳಿ, ಬ್ರೇಕ್ ಆರ್ಡರ್ ಮಾಡುವಾಗ ಮೊದಲು ಕೇಳುವುದು ಅದನ್ನೇ.